ಕೈಗೆ ಹತ್ತಿದ ನೀಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಜಪಾನಿಗೆ ಹೋಗಿ ಬಂದೆ ಅಂದರೆ ಸಾಕು, ಬುಲೆಟ್ ರೈಲು ಹತ್ತಿದಿರಾ, ಫ್ಯೂಜಿ ಬೆಟ್ಟ ಕಂಡಿತಾ ಅಂತ ಜನ ಕೇಳುತ್ತಾರೆ. ರೈಲು ಹತ್ತಿದ್ದೂ ಆಯಿತು, ಬೆಟ್ಟ ನೋಡಿದ್ದೂ ಆಯಿತು. ಎರಡೂ ಚೆನ್ನಾಗಿದ್ದವು. ಆದರೆ ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಬುಲೆಟ್ ರೈಲು ಹೋಗದ ಒಂದು ದ್ವೀಪದ ಬಗ್ಗೆ. ಅದರ ಹೆಸರು ಶಿಕೋಕು. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಅಲ್ಲಿ ನಾನು ನೋಡಿದ್ದಕ್ಕಿಂತ ಕೈಯಾರೆ ಮಾಡಿದ್ದೇ ಜಾಸ್ತಿ. ಮನಸ್ಸಿನಲ್ಲಿ ಉಳಿದಿರುವುದೂ ಅದೇ.

ನನ್ನ ತಂಗಿಯ ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. "ದೊಡ್ಡಮ್ಮ, ನಾಲ್ಕು ದಿನ ಶಿಕೋಕುಗೆ ಹೋಗಿ ಬರೋಣ. ಅಲ್ಲಿ ಸುಮ್ನೆ ನಿಂತು ನೋಡೋಕೆ ಯಾರೂ ಬಿಡಲ್ಲ" ಅಂದ. ಒಸಾಕಾದಿಂದ ಬಸ್ಸು ಹಿಡಿದೆವು. ದಾರಿಯಲ್ಲಿ ಅಕಾಶಿ ಸೇತುವೆ ಸಿಗುತ್ತದೆ. 1998ರಲ್ಲಿ ಸಂಚಾರಕ್ಕೆ ತೆರೆದ ತೂಗುಸೇತುವೆ ಅದು. ನಡುವಿನ ಎರಡು ಗೋಪುರಗಳ ಅಂತರವೇ 1,991 ಮೀಟರ್. ಅದನ್ನು ದಾಟಿ, ಅವಾಜಿ ದ್ವೀಪ ದಾಟಿ, ಇನ್ನೊಂದು ಸೇತುವೆಯ ಮೇಲೆ ಹೋದರೆ ಶಿಕೋಕು. ಸುಮಾರು ಎರಡೂವರೆ ಗಂಟೆಯ ದಾರಿ. ಇಳಿದ ಊರು ತೊಕುಶಿಮಾ.

ತೊಕುಶಿಮಾ ಹೆಸರಾಗಿರುವುದು ನೀಲಿಗೆ, ಅಂದರೆ ಗಿಡದ ಎಲೆಯಿಂದ ಮಾಡುವ ಬಟ್ಟೆಯ ಬಣ್ಣಕ್ಕೆ. ಅಲ್ಲಿಯ ಯೋಶಿನೊ ನದಿ ಹಿಂದೆಲ್ಲ ಮತ್ತೆ ಮತ್ತೆ ಉಕ್ಕುತ್ತಿತ್ತು. ಭತ್ತ ಹಾಕಿದರೆ ಕೊಯ್ಲಿನ ಹೊತ್ತಿಗೆ ಸರಿಯಾಗಿ ಚಂಡಮಾರುತ ಬಂದು ಬೆಳೆ ಕೊಚ್ಚಿಹೋಗುತ್ತಿತ್ತು. ನೀಲಿ ಗಿಡವಾದರೆ ಅದಕ್ಕೂ ಮೊದಲೇ, ಬೇಸಿಗೆಯಲ್ಲೇ ಕಟಾವಿಗೆ ಬರುತ್ತದೆ. ನೆರೆ ಹೊತ್ತು ತಂದ ಮಣ್ಣೇ ಮುಂದಿನ ಬೆಳೆಗೆ ಗೊಬ್ಬರ. ಹಾಗಾಗಿ ರೈತರು ನೀಲಿ ಹಿಡಿದರು. ಕಾಡುತ್ತಿದ್ದ ನದಿಯನ್ನೇ ಆಸರೆ ಮಾಡಿಕೊಂಡರು. ಇದನ್ನು ಕೇಳಿದಾಗ ನನಗೆ ಆ ರೈತರ ಮೇಲೆ ತುಂಬ ಗೌರವ ಬಂತು.

ಪಕ್ಕದ ಐಜುಮಿ ಅನ್ನುವ ಊರಿನಲ್ಲಿ ಹಳೆಯ ನೀಲಿ ವ್ಯಾಪಾರಿಯೊಬ್ಬರ ದೊಡ್ಡ ಮನೆಯಿದೆ. ಈಗ ಅದು ಸಂಗ್ರಹಾಲಯ. ಹೆಸರು ಐ ನೊ ಯಾಕತಾ. ಐ ಅಂದರೆ ನೀಲಿ. ನೀಲಿ ಹೇಗೆ ಆಗುತ್ತದೆ ಅನ್ನುವುದನ್ನು ಅಲ್ಲಿ ನೋಡಬಹುದು, ಬಂದವರು ತಾವೇ ಬಟ್ಟೆ ಅದ್ದಬಹುದು.

ಅದು ಆಗುವ ಬಗೆ ಕೇಳಿ. ನಮ್ಮ ದೇಶದ ನೀಲಿ ಗಿಡ ಹುರುಳಿ, ಅವರೆಗಳ ಕುಲದ್ದು. ಅದರ ಎಲೆಯನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಬಡಿದು ಬಣ್ಣ ತೆಗೆಯುತ್ತಾರೆ. ಜಪಾನಿನ ಗಿಡವೇ ಬೇರೆ, ದಾರಿಯೂ ಬೇರೆ. ಎಲೆಯನ್ನು ಒಣಗಿಸಿ ರಾಶಿ ಹಾಕುತ್ತಾರೆ. ನೀರು ಹಾಕಿ, ಕೆಲವು ದಿನಕ್ಕೊಮ್ಮೆ ಮಗುಚುತ್ತಾರೆ. ರಾಶಿಯ ಒಳಗೊಳಗೇ ಕಾವು ಏರಿ, ಹಬೆ ಏಳುತ್ತದೆ. ಹುಳಿತ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ. ಚಳಿ ಹೆಚ್ಚಾದರೆ ಮೇಲೆ ಹುಲ್ಲಿನ ಚಾಪೆ ಹೊದಿಸುತ್ತಾರೆ. ಆ ಹೊದಿಕೆಗೆ ಅವರು ಹೇಳುವುದು ಫುತೋನ್ ಅಂತಲೇ. ನಾವು ಮಲಗುವ ಹಾಸಿಗೆ ಹೊದಿಕೆಗೂ ಜಪಾನಿನಲ್ಲಿ ಅದೇ ಹೆಸರು. ರಾಶಿ ಇರುವ ಜಾಗಕ್ಕೆ ಮಲಗುವ ಜಾಗ ಅಂತಾರೆ. ಮಗುವನ್ನು ಮಲಗಿಸಿದ ಹಾಗೆ! ಎಷ್ಟು ನೀರು ಬೇಕು ಅನ್ನುವುದನ್ನು ನಿರ್ಧರಿಸುವುದಕ್ಕೆಂದೇ ಒಬ್ಬ ಅನುಭವಸ್ಥ ಇರುತ್ತಿದ್ದ. ಹೀಗೆ ಸುಮಾರು ನೂರು ದಿನ ಕಳೆದರೆ ಎಲೆ ಕಪ್ಪು ಮಣ್ಣಿನ ಹಾಗೆ ಆಗುತ್ತದೆ. ಅದೇ ಸುಕುಮೊ. ಬಣ್ಣ ಹಾಕುವವರು ಸುಕುಮೊವನ್ನು ಬೂದಿ ನೀರು, ಸುಣ್ಣ, ಗೋಧಿ ತೌಡು ಬೆರೆಸಿ ಬಾನಿಯಲ್ಲಿ ಮತ್ತೆ ಹುಳಿಯಲು ಬಿಡುತ್ತಾರೆ. ಮೇಲೆ ನೇರಳೆ ನೀಲಿ ನೊರೆ ಕಟ್ಟಿದರೆ ಬಾನಿ ಸಿದ್ಧ. ಆ ನೊರೆಯನ್ನು ಅವರು ನೀಲಿಯ ಹೂವು ಅನ್ನುತ್ತಾರೆ.

ನಮಗೆ ಒಂದೊಂದು ಬಿಳಿ ಕರವಸ್ತ್ರ ಕೊಟ್ಟರು. ರಬ್ಬರ್ ಬ್ಯಾಂಡ್ ಕೊಟ್ಟರು. ಬಟ್ಟೆಯನ್ನು ಹಿಂಡಿ, ಮಡಚಿ, ಎಲ್ಲಿ ಬಿಗಿಯಾಗಿ ಕಟ್ಟುತ್ತೇವೋ ಅಲ್ಲಿ ಬಣ್ಣ ಹತ್ತುವುದಿಲ್ಲ. ನಮ್ಮ ಬಾಂಧನಿಯ ಹಾಗೆ. ಕೈಗವಸು ಹಾಕಿಕೊಂಡು ಬಾನಿಗೆ ಇಳಿಸಿದೆ. ಒಳಗೆ ಬೆಚ್ಚಗಿತ್ತು. ಕೊಟ್ಟಿಗೆಯ ನೆನಪು ತರುವ ವಾಸನೆ. ಒಂದು ನಿಮಿಷ ಹಿಸುಕಿ ಮೇಲೆತ್ತಿದೆ. ಬಟ್ಟೆ ನೀಲಿಯಾಗಿರಲೇ ಇಲ್ಲ! ಹಸಿರು ಮಿಶ್ರಿತ ಕಂದು. ಏನೋ ತಪ್ಪಾಯಿತು ಅಂತ ಅಕ್ಕಪಕ್ಕ ನೋಡಿದೆ. ಕಲಿಸುತ್ತಿದ್ದ ಹೆಂಗಸು ಸ್ವಲ್ಪ ತಾಳಿ ಅನ್ನುವ ಹಾಗೆ ಕೈ ತೋರಿಸಿದರು. ಗಾಳಿ ತಾಗುತ್ತಿದ್ದ ಹಾಗೇ ಅಂಚಿನಿಂದ ನೀಲಿ ಹರಡುತ್ತಾ ಬಂತು. ಬಾನಿಯೊಳಗೆ ಬಣ್ಣ ನೀರಿನಲ್ಲಿ ಕರಗುವ ರೂಪದಲ್ಲಿ ಇರುತ್ತದೆ. ಹೊರಗೆ ಬಂದು ಗಾಳಿಯ ಆಮ್ಲಜನಕ ಸಿಕ್ಕಿದಾಗ ನೀಲಿಯಾಗಿ, ಎಳೆಯೊಳಗೇ ಗಟ್ಟಿಯಾಗಿ ಕೂರುತ್ತದೆ. ಶಾಲೆಯಲ್ಲಿ ಎಷ್ಟು ಸಲ ಓದಿದ್ದರೂ ಇದು ನನಗೆ ಅರ್ಥವಾದದ್ದು ಆ ಅರ್ಧ ನಿಮಿಷದಲ್ಲಿ.

ಒಂದೇ ಸಲ ಅದ್ದಿದರೆ ತೆಳು ನೀಲಿ. ಮತ್ತೆ ಮತ್ತೆ ಅದ್ದಿದಷ್ಟೂ ಗಾಢ. ಒಂದೊಂದು ಛಾಯೆಗೂ ಒಂದೊಂದು ಹೆಸರು. ಎಲ್ಲಕ್ಕಿಂತ ತೆಳುವಾದದ್ದು ಕಾಮೆನೊಝೊಕಿ. ಹಾಗೆಂದರೆ ಬಾನಿಯೊಳಗೆ ಇಣುಕಿದ್ದು ಅಂತ ಅರ್ಥ. ಬಟ್ಟೆ ಒಳಗೆ ಇಳಿದು ಮುಳುಗಲೂ ಇಲ್ಲ, ಇಣುಕಿ ಬಂದಿತು, ಅಷ್ಟೇ! ಎಂಥಾ ಚೆಂದದ ಹೆಸರು, ಅಲ್ವಾ?

ಈ ನೀಲಿಯಿಂದ ಶ್ರೀಮಂತರಾದವರ ಮನೆಗಳು ನೋಡಬೇಕಾದರೆ ನದಿಯ ಮೇಲ್ದಂಡೆಯ ವಾಕಿಮಾಚಿಗೆ ಹೋಗಬೇಕು. ಒಂದೇ ಬೀದಿ. ಅಕ್ಕಪಕ್ಕದ ಮನೆಗಳ ನಡುವೆ, ಮೇಲ್ಮಹಡಿಯ ಹತ್ತಿರ ಗಾರೆಯ ಗಿಡ್ಡ ಗೋಡೆಗಳು ಚಾಚಿಕೊಂಡಿವೆ. ಹೆಸರು ಉದಾತ್ಸು. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಗೆ ಹಬ್ಬಬಾರದು ಅಂತ ಕಟ್ಟಿದ್ದು. ಕಟ್ಟಿಸಲು ದುಡ್ಡು ಬೇಕಲ್ಲ, ಹಾಗಾಗಿ ಬರಬರುತ್ತಾ ಅದೇ ಅಂತಸ್ತಿನ ಗುರುತಾಯಿತು. ಬದುಕಿನಲ್ಲಿ ಮೇಲೆ ಬರದವನಿಗೆ ಉದಾತ್ಸು ಏರಿಸದವನು ಅನ್ನುವ ಮಾತು ಇವತ್ತಿಗೂ ಜಪಾನಿ ಭಾಷೆಯಲ್ಲಿದೆ.

ಆ ಸಿರಿ ಇಳಿದದ್ದಕ್ಕೆ ನಮ್ಮ ದೇಶದ ನೀಲಿಯೂ ಒಂದು ಕಾರಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಭಾರತದ ಅಗ್ಗದ ನೀಲಿ ಜಪಾನಿಗೆ ಬಂತು. ಅದರ ಹಿಂದೆಯೇ ಜರ್ಮನಿಯ ಕೃತಕ ನೀಲಿಯೂ ಬಂತು. ನಮ್ಮ ನೀಲಿ ಯಾಕೆ ಅಗ್ಗವಾಗಿತ್ತು ಅನ್ನುವುದು ನಮಗೆ ಗೊತ್ತು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದು ನೀಲಿ ಬೆಳೆಯುವ ರೈತರ ಗೋಳು ಕೇಳಲು. ತೊಕುಶಿಮಾದಲ್ಲಿ ಬಾನಿಯ ಮುಂದೆ ನಿಂತಾಗ ನನಗೆ ಇದು ನೆನಪಾಯಿತು. ಎರಡು ದೇಶಗಳ ರೈತರು, ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಒಂದೇ ಬಣ್ಣ ಇಬ್ಬರನ್ನೂ ನೋಯಿಸಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಂತೂ ಆಹಾರ ಬೆಳೆಯಬೇಕೆಂದು ಅಲ್ಲಿ ನೀಲಿಯನ್ನೇ ನಿಷೇಧಿಸಿದರು. ಆಗ ಒಂದು ಕುಟುಂಬದವರು ಬೆಟ್ಟದ ಮರೆಯಲ್ಲಿ ಗುಟ್ಟಾಗಿ ಬೆಳೆದು ಬೀಜ ಉಳಿಸಿಕೊಂಡರು. ಈ ಬೀಜವನ್ನು ಹಾಗೇ ಕಟ್ಟಿಟ್ಟರೆ ಬಹಳ ಕಾಲ ಬಾಳುವುದಿಲ್ಲ. ವರ್ಷ ವರ್ಷವೂ ಬಿತ್ತಲೇಬೇಕು. ಇವತ್ತು ನಮ್ಮಂಥವರು ಹೋಗಿ ಕರವಸ್ತ್ರ ಅದ್ದಿ ಬರುವುದು ಆ ಬೀಜದ ಪುಣ್ಯದಿಂದ.

ಮೂರನೆಯ ದಿನ ಪಕ್ಕದ ಕಾಗಾವಾ ಪ್ರಾಂತ್ಯಕ್ಕೆ ಹೋದೆವು. ಇಲ್ಲಿ ಉದೋನ್ ಅನ್ನುವ ಗೋಧಿಯ ದಪ್ಪ ಶ್ಯಾವಿಗೆಯೇ ದೇವರು. ಮಳೆ ಕಡಿಮೆ, ಕೆರೆಗಳು ಜಾಸ್ತಿ ಇರುವ ಸೀಮೆ. ಹಾಗಾಗಿ ಭತ್ತದ ಜೊತೆಗೆ ಗೋಧಿಯನ್ನೂ ಬೆಳೆದರು. ಕೊತೊಹಿರಾದಲ್ಲಿ ಉದೋನ್ ಕಲಿಸುವ ಶಾಲೆಯೇ ಇದೆ. ಕಣಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೆಲದ ಮೇಲಿಟ್ಟರು. ಹಾಡು ಹಚ್ಚಿದರು. ತುಳಿಯಿರಿ ಅಂದರು! ಅನ್ನಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಒಂದು ಕ್ಷಣ ಹಿಂಜರಿದೆ. ಆಮೇಲೆ ತುಳಿದೆ. ಕೈಯಿಂದ ಎಷ್ಟು ನಾದಿದರೂ ಬಾರದ ಬಿಗಿ ಕಾಲಿನ ಭಾರಕ್ಕೆ ಬರುತ್ತದೆ. ಆ ಬಿಗಿಯೇ ಉದೋನಿನ ಜೀವ. ಲಟ್ಟಿಸಿ, ಮಡಚಿ, ಕತ್ತರಿಸಿ, ನಾವು ಮಾಡಿದ್ದನ್ನು ನಾವೇ ಬೇಯಿಸಿ ತಿಂದೆವು. ಕೊನೆಯಲ್ಲಿ ಪ್ರಮಾಣಪತ್ರದ ಜೊತೆ ಒಂದು ಲಟ್ಟಣಿಗೆಯನ್ನೂ ಕೊಟ್ಟರು. ಸಸ್ಯಾಹಾರಿಗಳಿಗೆ ಒಂದು ಮಾತು: ಉದೋನಿನ ಸಾರನ್ನು ಅಲ್ಲಿ ಒಣ ಮೀನಿನಿಂದ ಮಾಡುತ್ತಾರೆ. ಹೆಸರು ನೊಂದಾಯಿಸುವಾಗಲೇ ಹೇಳಿಡಿ. ಊರಿನಿಂದ ಸ್ವಲ್ಪ ಚಟ್ನಿಪುಡಿ ಇಟ್ಟುಕೊಂಡಿದ್ದರೆ ಇನ್ನೂ ನಿಶ್ಚಿಂತೆ. ಊಟ ಆದ ಮೇಲೆ ಅದೇ ಊರಿನ ಬೆಟ್ಟದ ಕೊಂಪಿರಾ ದೇಗುಲಕ್ಕೆ ಹತ್ತಬಹುದು. ಮುಖ್ಯ ಗುಡಿಗೆ 785 ಮೆಟ್ಟಿಲು.

ಇನ್ನು ಅವಾಜಿ ದ್ವೀಪಕ್ಕೂ ಶಿಕೋಕುಗೂ ನಡುವಿನ ನರುತೊ ಜಲಸಂಧಿಯ ಸುಳಿಗಳು. ಎರಡು ಕಡೆಯ ಸಮುದ್ರದ ಮಟ್ಟ ಉಬ್ಬರವಿಳಿತದ ಹೊತ್ತಿಗೆ ಒಂದೂವರೆ ಮೀಟರ್‌ವರೆಗೂ ಹೆಚ್ಚುಕಡಿಮೆ ಆಗುತ್ತದೆ. ನೀರು ನುಗ್ಗಿ ಸುಳಿ ಏಳುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಕೆಲವು ಸುಳಿಗಳು 20 ಮೀಟರ್ ಅಗಲದವರೆಗೂ ಬೆಳೆಯುತ್ತವೆ. ನಾವು ಮೊದಲ ಸಲ ಹೊತ್ತು ನೋಡದೆ ಹೋಗಿ ಬರೀ ಸಪಾಟು ನೀರು ನೋಡಿ ಬಂದೆವು. ಮರುದಿನ ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಂಡು ಹೋದಾಗ ಕಂಡ ದೃಶ್ಯವೇ ಬೇರೆ. ಜಲಸಂಧಿಯ ಮೇಲಿನ ಸೇತುವೆಯ ಅಡಿಯಲ್ಲಿ ನಡೆಯುವ ದಾರಿಯಿದೆ. ಅದರ ನೆಲಕ್ಕೆ ಅಲ್ಲಲ್ಲಿ ಗಾಜು. ಕೆಳಗೆ 45 ಮೀಟರ್ ಆಳದಲ್ಲಿ ಸಮುದ್ರ ತಿರುಗುತ್ತಿರುತ್ತದೆ. ಒಂದು ದಿನ ಹೆಚ್ಚಿಗೆ ಇದ್ದರೆ ಇಯಾ ಕಣಿವೆಯ ಬಳ್ಳಿ ಸೇತುವೆ ದಾಟಿ ಬನ್ನಿ. 45 ಮೀಟರ್ ಉದ್ದದ ಅದನ್ನು ಮೂರು ವರ್ಷಕ್ಕೊಮ್ಮೆ ಹೊಸ ಬಳ್ಳಿ ತಂದು ಮತ್ತೆ ಹೆಣೆಯುತ್ತಾರೆ.

ಇಂಥ ಕಡೆ ಹೋಗುವಾಗ ಮೊದಲೇ ಸಮಯ ಗೊತ್ತುಮಾಡಿಕೊಂಡರೆ ಒಳ್ಳೆಯದು. ಬಣ್ಣದ ಕೆಲಸಕ್ಕೆ ಹಳೆಯ ಬಟ್ಟೆ ಹಾಕಿಕೊಳ್ಳಿ. ಭಾಷೆಗೆ ಹೆದರಬೇಡಿ. ಕೈಕೆಲಸ ಕಲಿಸುವವರು ಮಾಡಿ ತೋರಿಸುತ್ತಾರೆ, ನಾವು ನೋಡಿ ಮಾಡುತ್ತೇವೆ. ಅಷ್ಟು ಸಾಕಾಗುತ್ತದೆ.

ನನ್ನ ಕೈಗವಸು ಎಲ್ಲೋ ಸ್ವಲ್ಪ ಹರಿದಿತ್ತು. ಬಲಗೈಯ ಎರಡು ಉಗುರಿಗೆ ನೀಲಿ ಹತ್ತಿತು. ಸೋಪಿಗೆ ಜಗ್ಗಲಿಲ್ಲ, ಹುಣಸೆಹಣ್ಣಿಗೂ ಜಗ್ಗಲಿಲ್ಲ. ಊರಿಗೆ ಬಂದ ಮೇಲೆ ಸೊಪ್ಪು ಮಾರುವಾಕೆ ಚಿಲ್ಲರೆ ಕೊಡುತ್ತಾ ನನ್ನ ಬೆರಳು ಹಿಡಿದು, "ಇದೇನಕ್ಕಾ, ಜಜ್ಜಿಕೊಂಡ್ರಾ?" ಅಂದಳು. ಅಲ್ಲೇ ಬುಟ್ಟಿಯ ಪಕ್ಕ ಕೂತು ಬಾನಿ, ನೊರೆ, ನೂರು ದಿನ ಮಲಗುವ ಎಲೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ಎಲೆ ಕೊಳೆತ್ರೆ ನಾನು ಎಸೀತೀನಿ, ಅವ್ರು ಹೊದ್ಕೆ ಹೊದಿಸ್ತಾರಾ?" ಅಂದಳು.

ನಮಸ್ಕಾರ.