ಹಿಮ್ಮಡಕ್ಕೆಷ್ಟು, ಮುಂಗಾಲಿಗೆಷ್ಟು? ಗಿಟಾರಿನ ಎಕ್ಸ್‌ಪ್ರೆಶನ್ ಪೆಡಲ್

ನಮಸ್ಕಾರ. ಈಗಷ್ಟೇ ರೇಡಿಯೋದ ದನಿ ಏರಿಸಲಿಕ್ಕೆ ಒಂದು ಗುಂಡಿ ತಿರುವಿದಿರಲ್ಲ, ಇವತ್ತಿನ ಮಾತೆಲ್ಲ ಅಂಥದೊಂದು ಗುಂಡಿಯದ್ದೇ. ಅದನ್ನು ಕೈಯಿಂದ ಬಿಡಿಸಿ ಕಾಲ ಕೆಳಗಿಟ್ಟರೆ ಗಿಟಾರ್ ನುಡಿಸುವವರ ಎಕ್ಸ್‌ಪ್ರೆಶನ್ ಪೆಡಲ್ ಆಯಿತು. ತುಳಿದಂತೆ ದನಿಯೋ, ಪ್ರತಿಧ್ವನಿಯೋ, ಸ್ವರವೋ ಏರಿಳಿಯುತ್ತದೆ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ರಸಮಂಜರಿಗೆ, ಭಾವಗೀತೆಗೆ ಗಿಟಾರ್ ಹಿಡಿದು ಕೂಡುವ ಹುಡುಗ ಹುಡುಗಿಯರನ್ನೇ ಕಣ್ಮುಂದೆ ಇಟ್ಟುಕೊಂಡು ಹೇಳುತ್ತೇನೆ. ಗಿಟಾರಿನ ದನಿಗೆ ಬಣ್ಣ ಕಟ್ಟುವ ಪೆಟ್ಟಿಗೆ, ಅಂದರೆ ನಿಮ್ಮ ಪ್ರೊಸೆಸರಿನ ಬಲಮಗ್ಗುಲಿಗೆ ತುಳಿಯುವ ಹಲಗೆ ಇರುತ್ತದೆ, ಇಲ್ಲವೇ ಹಿಂದುಗಡೆ ‘ಎಕ್ಸ್‌ಪಿ’ ಅಂತ ಬರೆದ ತೂತಿರುತ್ತದೆ. ಒಂದೆರಡು ಸಲ ತುಳಿದು ನೋಡಿ, ‘ಎಲ್ಲಾ ಒಮ್ಮೆಲೇ ಹಾರ್ತದ, ಬ್ಯಾಡ ಬಿಡು’ ಅಂದವರೇ ಬಹಳ. ತಪ್ಪು ಪೆಡಲಿನದಲ್ಲ. ಹಿಮ್ಮಡ ಊರಿದಾಗ ಎಷ್ಟು, ಮುಂಗಾಲು ಒತ್ತಿದಾಗ ಎಷ್ಟು ಅನ್ನುವ ಎರಡು ಅಂಕಿಗಳನ್ನು ನೀವು ಅದಕ್ಕೆ ಹೇಳಿಕೊಟ್ಟಿಲ್ಲ. ಇವತ್ತು ಇದೊಂದನ್ನೇ ನಾಲ್ಕು ಸಲ ಹೇಳುತ್ತೇನೆ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಪೆಡಲಿನ ತಳದ ಸ್ಕ್ರೂ ಬಿಚ್ಚಿದರೆ ಒಳಗೆ ಇರುವುದು ಇಷ್ಟೇ. ಹಲಗೆಗೆ ಅಂಟಿದ ಹಲ್ಲಿನ ಪಟ್ಟಿ, ಅದು ತಿರುಗಿಸುವ ಸಣ್ಣ ಹಲ್ಲುಗಾಲಿ, ಗಾಲಿಯ ಬೆನ್ನಿಗೆ ಮೂರು ಕಾಲಿನ ಒಂದು ಪೊಟೆನ್ಷಿಯೊಮೀಟರ್. ಅಂಗಡಿಯಲ್ಲಿ ಬರೇ ‘ಪಾಟ್’ ಅನ್ನುತ್ತಾರೆ. ಪಾಟ್‌ನೊಳಗೆ ಕುದುರೆ ಲಾಳದಂಥ ಕಾರ್ಬನ್ ದಾರಿ, ಅದರ ಮೇಲೆ ಜಾರುವ ಲೋಹದ ನಾಲಿಗೆ. ಈ ನಾಲಿಗೆಯೇ ವೈಪರ್. ಪ್ರೊಸೆಸರ್ ದಾರಿಯ ಒಂದು ತುದಿಗೆ 3.3 ಅಥವಾ 5 ವೋಲ್ಟ್ ಕೊಡುತ್ತದೆ, ಇನ್ನೊಂದು ತುದಿ ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್. ನಾಲಿಗೆ ಎಲ್ಲಿ ನಿಂತಿದೆಯೋ ಅಲ್ಲಿಯ ವೋಲ್ಟ್ ಓದಿಕೊಂಡು, ಕಾಲು ಎಲ್ಲಿದೆ ಅನ್ನುವುದನ್ನು ತಿಳಿದುಕೊಳ್ಳುತ್ತದೆ. ಗಿಟಾರಿನ ದನಿ ಈ ಪೆಡಲಿನೊಳಗೆ ಹಾಯುವುದೇ ಇಲ್ಲ. ಹಾಗಾಗಿ ಗಿಟಾರಿನ ವೈರನ್ನು ಅದಕ್ಕೆ ಚುಚ್ಚಿ ‘ದನೀನ ಬರವಲ್ದು’ ಅನ್ನಬೇಡಿ.

ಗಿಟಾರಿನವರ ಕಾಲ ಕೆಳಗೆ ಈ ಪಾಟ್ ಬಂದ ಕಥೆ ಬಹಳ ಚಂದದ್ದು. ಬ್ರಿಟನ್ನಿನ ವಾಕ್ಸ್ ಹೆಸರಿನ ಆಂಪ್ಲಿಫೈಯರುಗಳನ್ನು ಅಮೆರಿಕದಲ್ಲಿ ಥಾಮಸ್ ಆರ್ಗನ್ ಕಂಪನಿ ನೋಡಿಕೊಳ್ಳುತ್ತಿತ್ತು. ಆಂಪ್ಲಿಫೈಯರಿನಲ್ಲಿ ನಡುದನಿಯನ್ನು ಎತ್ತಿ ತೋರಿಸುವ ಒಂದು ಸರ್ಕ್ಯೂಟ್, ಅದಕ್ಕೊಂದು ಮೂರು ಮೆಟ್ಟಿಲಿನ ಸ್ವಿಚ್. ಸ್ವಿಚ್ ದುಬಾರಿ. 1966ರಲ್ಲಿ ಅದರ ಬದಲು ಅಗ್ಗದ ಪಾಟ್ ಕೂಡಿಸುವ ಕೆಲಸ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ ಕೈಗೆ ಬಂತು. ಪಾಟ್ ಹಾಕಿ ತಿರುಗಿಸುತ್ತಿದ್ದರೆ ದನಿ ಬಾಯಿ ತೆರೆದು ಮುಚ್ಚಿದ ಹಾಗೆ ‘ವಾ... ವಾ...’ ಅನ್ನತೊಡಗಿತು. ಸ್ವಿಚ್ಚಿನ ಮೂರು ಮೆಟ್ಟಿಲಿನಲ್ಲಿ ಇದು ಸಿಗುವುದು ಸಾಧ್ಯವೇ ಇರಲಿಲ್ಲ ನೋಡ್ರಿ, ಮಾಧುರ್ಯವೆಲ್ಲ ಮೆಟ್ಟಿಲುಗಳ ನಡುವಿನ ಜಾರಿನಲ್ಲಿತ್ತು! ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅಂದರೇನು ಅಂತ ಸಿತಾರ್ ಬಲ್ಲ ಧಾರವಾಡದವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಗಿಟಾರ್ ನುಡಿಸುವವನ ಎರಡೂ ಕೈ ತಂತಿಯ ಮೇಲೆ, ಗುಂಡಿ ತಿರುಗಿಸುವವರು ಯಾರು? ಅಲ್ಲೇ ವಾಕ್ಸ್ ಕಾಂಟಿನೆಂಟಲ್ ಆರ್ಗನ್ನಿನ ದನಿ ಏರಿಸುವ ಕಾಲ್ಪೆಡಲ್ ಇತ್ತು. ಪಾಟನ್ನು ಅದರೊಳಗೆ ಕೂಡಿಸಿದರು, ಅದೇ ವಾ ಪೆಡಲ್ ಆಯಿತು. 1967ರಲ್ಲಿ ಪೇಟೆಂಟಿಗೆ ಅರ್ಜಿ, 1970ರಲ್ಲಿ ಪೇಟೆಂಟ್. ಮೊದಲು ಮಾರಿದ್ದು ಕ್ಲೈಡ್ ಮೆಕಾಯ್ ಎಂಬ ಟ್ರಂಪೆಟ್ ವಾದಕನ ಹೆಸರು ಹಚ್ಚಿ, ಉಳಿಸಿಕೊಂಡವರು ಗಿಟಾರಿನವರು. ನಮ್ಮ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂನಲ್ಲೂ ಕಾಲು ಗಾಳಿ ತುಂಬುತ್ತಿತ್ತು, ಕೈ ಸ್ವರ ಹಿಡಿಯುತ್ತಿತ್ತು. ಕಾಲಿಗೂ ಸಂಗೀತದಲ್ಲಿ ಪಾಲು ಉಂಟು.

ವಾ ಪೆಡಲಿನಲ್ಲಿ ಎದ್ದು ಕೇಳುವ ದನಿಯ ಕಂಪನ ಹಿಮ್ಮಡದ ತುದಿಗೆ ಸುಮಾರು 450 ಹರ್ಟ್ಸ್, ಮುಂಗಾಲಿನ ತುದಿಗೆ ಸುಮಾರು 2,000 ಹರ್ಟ್ಸ್. ಕಾರ್ಖಾನೆಯವರೇ ಕಟ್ಟಿಕೊಟ್ಟಿದ್ದಾರೆ. ಎಕ್ಸ್‌ಪ್ರೆಶನ್ ಪೆಡಲಿಗೆ ಯಾರೂ ಕಟ್ಟಿಕೊಟ್ಟಿಲ್ಲ, ನೀವೇ ಕಟ್ಟಬೇಕು. ಹಿಮ್ಮಡಕ್ಕೆಷ್ಟು, ಮುಂಗಾಲಿಗೆಷ್ಟು. ಇದು ಎರಡನೇ ಸಲ.

ಕಥೆಗೇ ಬಹಳ ಹೊತ್ತು ಹಿಡಿಯಿತು, ಜೋಡಿಸುವ ಕೆಲಸ ಚುರುಕಾಗಿ ಹೇಳುತ್ತೇನೆ. ಹೊರಗಿನ ಪೆಡಲಿಗೆ ಬೇಕಾದದ್ದು ಸ್ಟೀರಿಯೋ ಕೇಬಲ್. ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಸ್ಟೀರಿಯೋ, ಒಂದೇ ಇದ್ದರೆ ಗಿಟಾರಿನ ಮಾಮೂಲಿ ವೈರ್. ಮಾಮೂಲಿ ವೈರ್ ಹಾಕಿದರೆ ಪಿನ್ನಿನ ನಡುವಿನ ಭಾಗ ಗ್ರೌಂಡಿಗೆ ಶಾರ್ಟ್ ಆಗಿ, ಅಂಕಿ ಒಂದೇ ಕಡೆ ಕಚ್ಚಿಕೊಂಡು ನಿಲ್ಲುತ್ತದೆ. ಎಷ್ಟು ಸಲ ಹೇಳಿದರೂ ಮಂದಿ ಮತ್ತೆ ಅದನ್ನೇ ಚುಚ್ಚುತ್ತಾರೆ! ಇನ್ನು ರೋಲ್ಯಾಂಡ್, ಬಾಸ್ ಪೆಡಲಿನಲ್ಲಿ ವೈಪರ್ ಪಿನ್ನಿನ ಮೊನೆಗೆ ಬರುತ್ತದೆ, ಯಮಾಹಾದ ಪೆಡಲಿನಲ್ಲಿ ನಡುವಿಗೆ. ಒಂದರ ಪೆಡಲ್ ಇನ್ನೊಂದರ ಪ್ರೊಸೆಸರಿಗೆ ಹಾಕಿದರೆ, ಮುಕ್ಕಾಲು ದಾರಿ ಏನೂ ಆಗದೆ ಕೊನೆಯ ತುಸುದರಲ್ಲಿ ಎಲ್ಲಾ ಹಾರುತ್ತದೆ. ಪೆಡಲಿಗೆ ಪೋಲಾರಿಟಿ ಸ್ವಿಚ್ ಇದ್ದರೆ ಆಚೆ ಸರಿಸಿರಿ. ಇಲ್ಲದಿದ್ದರೆ ಒಂದು ಪಿನ್ನಿನಲ್ಲಿ ಮೊನೆಯ ತಂತಿ, ನಡುವಿನ ತಂತಿ ಅದಲುಬದಲು ಮಾಡಿ ಬೆಸುಗೆ ಹಾಕಿಸಿರಿ. ಪಾಟ್ ಬದಲಿಸುವುದಿದ್ದರೆ ಮೈಮೇಲೆ ‘ಬಿ’ ಅಂತ ಬರೆದದ್ದನ್ನೇ ಕೇಳಿ ತಗೊಳ್ರಿ, 10 ಕಿಲೋ ಓಮ್. ‘ಎ’ ಅಂದರೆ ವಾಲ್ಯೂಮಿನ ಪಾಟ್. ಅದನ್ನು ಹಾಕಿದರೆ ಬದಲಾವಣೆಯೆಲ್ಲ ಒಂದೇ ತುದಿಗೆ ಗುಂಪುಗೂಡುತ್ತದೆ.

ಜೋಡಿಸಿದ ಮೇಲೆ ಕ್ಯಾಲಿಬ್ರೇಷನ್, ಅಂದರೆ ಪೆಡಲಿನ ಎರಡು ತುದಿ ಎಲ್ಲಿವೆ ಅಂತ ಪ್ರೊಸೆಸರಿಗೆ ತೋರಿಸಿಕೊಡುವುದು. ಮೆನುವಿನಲ್ಲಿ ಹುಡುಕಿರಿ. ಹಿಮ್ಮಡ ಪೂರ್ತಿ ಊರಿ ಗುಂಡಿ ಒತ್ತಿರಿ, ಮುಂಗಾಲು ಪೂರ್ತಿ ಒತ್ತಿ ಮತ್ತೆ ಗುಂಡಿ ಒತ್ತಿರಿ. ಕೈಯಿಂದ ಅಮುಕಿ ಮಾಡಬೇಡಿ. ನಿಂತು ನುಡಿಸುವವರು ನಿಂತೇ, ಕೂತು ನುಡಿಸುವವರು ಕೂತೇ ಮಾಡಬೇಕು, ಯಾಕೆಂದರೆ ಕೂತ ಕಾಲಿಗೆ ಭಾರ ಕಡಿಮೆ, ಮುಂಗಾಲು ಕೊನೆತನಕ ಹೋಗುವುದೇ ಇಲ್ಲ.

ಈಗ ಅಂಕಿಗಳು, ಮೂರನೇ ಸಲ. ಮೆನುವಿನಲ್ಲಿ ಮಿನ್, ಮ್ಯಾಕ್ಸ್ ಅಂತ ಇರುತ್ತವೆ, ಮಿನ್ ಹಿಮ್ಮಡದ್ದು, ಮ್ಯಾಕ್ಸ್ ಮುಂಗಾಲಿನದು. ಮೊದಲಿಗೆ ಬಂದಂತೆ 0, 100 ಇರುತ್ತದೆ, ಅದನ್ನು ಹಾಗೇ ಬಿಟ್ಟರೆ ಕೆಲಸ ಕೆಟ್ಟಿತು. ಗಾಯಕರ ಹಿಂದೆ ನುಡಿಸುವಾಗ ವಾಲ್ಯೂಮ್ ಹಿಮ್ಮಡಕ್ಕೆ 60, ಮುಂಗಾಲಿಗೆ 100 ಇಡ್ರಿ. ಪಲ್ಲವಿಗೆ ಹಿಮ್ಮಡ ಊರಿ ಕೂಡ್ರಿ, ನಡುವಿನ ಸಂಗೀತಕ್ಕೆ ಒತ್ತಿರಿ, ಪೂರ್ತಿ ಮೂಕಾಗುವ ಭಯವೇ ಇಲ್ಲ. ಈ ವಾಲ್ಯೂಮ್, ದನಿ ಒರಟು ಮಾಡುವ ಡಿಸ್ಟಾರ್ಷನ್ನಿನ ಮುಂಚೆ ಇದ್ದರೆ ಒರಟುತನ ಇಳಿಯುತ್ತದೆ, ಆಮೇಲೆ ಇದ್ದರೆ ಬರೇ ದನಿ ಇಳಿಯುತ್ತದೆ. ಪ್ರತಿಧ್ವನಿ ಕೊಡುವ ಡಿಲೇಗಿಂತ ಮುಂಚೆ ಇಟ್ಟರೆ, ಕಾಲು ತೆಗೆದ ಮೇಲೂ ಪ್ರತಿಧ್ವನಿ ತಾನೇ ನಿಧಾನ ಆರುತ್ತದೆ. ಡಿಲೇಯ ಪ್ರಮಾಣಕ್ಕೆ 0ಯಿಂದ 35 ಸಾಕು. ಪ್ರತಿಧ್ವನಿ ಎಷ್ಟು ಮರುಕಳಿಸಬೇಕು ಅನ್ನುವ ಫೀಡ್‌ಬ್ಯಾಕಿಗೆ 70ರ ಮೇಲೆ ಬೇಡ, 100ರ ಹತ್ತಿರ ಪ್ರತಿಧ್ವನಿ ತನ್ನನ್ನೇ ತಾನು ಬೆಳೆಸಿಕೊಂಡು ಕೂಗತೊಡಗುತ್ತದೆ. ಇನ್ನು ಸ್ವರ ಜಾರಿಸುವ ಪಿಚ್ ಎಫೆಕ್ಟ್. ಅದು ಬಹಳ ಕಡೆ 12 ಅರ್ಧಸ್ವರಕ್ಕೆ, ಅಂದರೆ ಪೂರಾ ಒಂದು ಸಪ್ತಕಕ್ಕೆ ಇರುತ್ತದೆ. ಭಾವಗೀತೆಗೆ ಹಿಮ್ಮಡ 0, ಮುಂಗಾಲು 2 ಇಡ್ರಿ. ಷಡ್ಜದ ಮೇಲೆ ನಿಂತು ಒತ್ತಿದರೆ ಶುದ್ಧ ರಿಷಭಕ್ಕೆ ಹೋಗಿ ನಿಲ್ಲುತ್ತದೆ, ಆಚೆ ಜಾರಲಾರದು. ಅರ್ಧಕ್ಕೆ ನಿಲ್ಲಿಸಿದರೆ ಮಾತ್ರ ಕೋಮಲ ರಿಷಭ ಕೇಳುತ್ತದೆ, ಅದಕ್ಕೇ ತುದಿಗೆ ಮುಟ್ಟಿಸಿರಿ.

ತುಳಿಯುವಾಗ ಮೊಣಕಾಲು ಎತ್ತಬೇಡಿ, ಕೆಲಸ ಹರಡಿನದು. ಹಲಗೆ ಸಡಿಲಾಗಿ ತಾನೇ ಬೀಳುತ್ತಿದ್ದರೆ ಕೀಲಿನ ಪಕ್ಕದ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಕಾಲು ತೆಗೆದರೆ ಇದ್ದಲ್ಲೇ ನಿಲ್ಲಬೇಕು. ನಮ್ಮ ವೇದಿಕೆಗಳಲ್ಲಿ ಜಮಖಾನೆ ಹಾಸಿರುತ್ತಾರೆ, ಪೆಡಲ್ ಅದನ್ನೇ ಎಳೆದುಕೊಂಡು ಮುಂದೆ ಹೋಗುತ್ತದೆ. 12 ಮಿಲಿಮೀಟರಿನ ಪ್ಲೈವುಡ್ ತುಂಡಿಗೆ ವೆಲ್ಕ್ರೋ ಅಂಟಿಸಿ, ಪೆಡಲನ್ನೂ ಪ್ರೊಸೆಸರನ್ನೂ ಒಂದೇ ಹಲಗೆಯ ಮೇಲೆ ಕೂಡಿಸಿರಿ.

ಕೊನೆಗೆ ಧೂಳು. ಜಾತ್ರೆ ಬಯಲಿನ ಎರೆಮಣ್ಣಿನ ಪುಡಿ ಆ ಕಾರ್ಬನ್ ದಾರಿಯ ಮೇಲೆ ಕೂತರೆ, ಕಾಲು ಅಲುಗದಿದ್ದರೂ ಪರದೆಯ ಅಂಕಿ 42, 45, 41 ಅಂತ ಕುಣಿಯುತ್ತದೆ. ಹೊಲಿಗೆ ಮಷಿನ್ನಿನ ಎಣ್ಣೆ ಬಿಡಬೇಡಿ, ಅದು ಧೂಳನ್ನು ಹಿಡಿದಿಟ್ಟು ಅಂಟು ಮಾಡುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ. ವೈರ್ ಕಳಚಿ, ಪಾಟ್‌ನ ಮೂರು ಕಾಲಿನ ಮೇಲಿನ ಸಂದಿಗೆ ಒಂದು ಸಣ್ಣ ಸ್ಪ್ರೇ ಹೊಡೆದು, ಹಲಗೆಯನ್ನು 20–30 ಸಲ ತುದಿಯಿಂದ ತುದಿಗೆ ಆಡಿಸಿ, ಹತ್ತು ನಿಮಿಷ ಒಣಗಲಿಕ್ಕೆ ಬಿಡ್ರಿ. ಆಮೇಲೆ ಕ್ಯಾಲಿಬ್ರೇಷನ್ ಮತ್ತೊಮ್ಮೆ ಮಾಡಿ, ಹಿಮ್ಮಡದ ಅಂಕಿ, ಮುಂಗಾಲಿನ ಅಂಕಿ ಎರಡೂ ನಿಮ್ಮವೇ ಇವೆಯೋ ನೋಡಿಕೊಂಡು ವೇದಿಕೆ ಹತ್ತಿರಿ. ನಮಸ್ಕಾರ.