ಅವನು ಅರ್ಧ ಅಲ್ಲ

ಕಲಬುರಗಿ ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ಎರಡು ಸ್ವಭಾವದ ಜೀವಿಗಳ ಬಗ್ಗೆ ಮಾತಾಡಿ ಅಂದಿದ್ದಾರೆ. ನಾನು ಒಂದೇ ಮಾತು ಹೇಳುತ್ತೇನೆ. ನರಸಿಂಹನನ್ನು ಅರ್ಧ ಮನುಷ್ಯ, ಅರ್ಧ ಸಿಂಹ ಅನ್ನಬೇಡಿ. ಅವನು ಅರ್ಧ ಅಲ್ಲ. ಎರಡೂ ಹೌದು.

ನನಗಿದು ತಿಳಿದದ್ದು ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ. ಆಗ ಆರು ವರ್ಷ ಇರಬೇಕು. ಮುತ್ಯಾನ ಹೆಗಲೇರಿ ಕೂತಿದ್ದೆ. ಹೋದವರಿಗೆ ಗೊತ್ತು, ಅಲ್ಲಿ ಸುಮಾರು 300 ಮೀಟರ್ ನೀರಲ್ಲೇ ನಡೆಯಬೇಕು. ಮುತ್ಯಾನ ಎದೆಮಟ್ಟ ನೀರು, ನನ್ನ ಪಾದ ಅದರಲ್ಲಿ ಅದ್ದಿತ್ತು. ತಲೆ ಮೇಲೆ ಬಾವಲಿಗಳು ಜೋತುಬಿದ್ದಿದ್ದವು. ಆ ಘಾಟು ವಾಸನೆ ಇವತ್ತಿಗೂ ಮೂಗಲ್ಲಿದೆ.

"ಮುತ್ಯಾ, ಇವು ಹಕ್ಕಿನಾ, ಇಲಿನಾ?"

"ರೆಕ್ಕಿ ಅದಾವ, ಹಾರ್ತಾವ. ಮರಿಗಿ ಹಾಲೂ ಕುಡಸ್ತಾವ. ಅವಕ್ಕೇನ್ ಕಡಿಮಿ ಆಗ್ಯಾದ?"

ನೀರು ಸರಿಸುತ್ತಲೇ ಕಥೆ ಹೇಳಿದರು. ಮನುಷ್ಯನಿಂದಲೂ ಸಾಯಬಾರದು, ಮೃಗದಿಂದಲೂ ಸಾಯಬಾರದು. ಹಗಲೂ ಬೇಡ, ರಾತ್ರಿಯೂ ಬೇಡ. ಒಳಗೂ ಬೇಡ, ಹೊರಗೂ ಬೇಡ. ಇದು ಹಿರಣ್ಯಕಶಿಪು ಪಡೆದ ವರ. ಬರೀ ಸಿಂಹ ಬಂದಿದ್ದರೆ ಕೆಲಸ ಆಗುತ್ತಿರಲಿಲ್ಲ, ಬರೀ ಮನುಷ್ಯ ಬಂದಿದ್ದರೂ ಆಗುತ್ತಿರಲಿಲ್ಲ. ಎರಡೂ ಆದವನೇ ಬರಬೇಕಿತ್ತು, ಮುಸ್ಸಂಜೆಗೆ, ಹೊಸ್ತಿಲಿಗೆ. ಆಮೇಲೆ ಇಲ್ಲಿ ಜಲಾಸುರನನ್ನೂ ಕೊಂದ, ಆ ಅಸುರನೇ ನೀರಾಗಿ ದೇವರ ಪಾದದಿಂದ ಹರಿಯುತ್ತಿದ್ದಾನೆ ಅಂದರು. ನಾನು ಥಟ್ಟನೆ ಕಾಲು ಮೇಲೆತ್ತಿಕೊಂಡೆ!

ಝರಣಿಯಲ್ಲೇ ಸಮಯ ಕಳೆದೆ. ಹೇಳಬೇಕಾದದ್ದು ಇನ್ನೂ ಇದೆ. ಗಿರೀಶ ಕಾರ್ನಾಡರ 'ಹಯವದನ' ನೋಡಿದ್ದೀರಲ್ವಾ? ಕುದುರೆ ತಲೆಯವನು ಪೂರ್ಣನಾಗಬೇಕು ಅಂತ ಕಾಳಿಯನ್ನು ಬೇಡಿ, ಪೂರ್ತಿ ಕುದುರೆಯಾಗುತ್ತಾನೆ. ಅವನಿಗೆ ನೀನು ಅರ್ಧ ಅಂತ ಹೇಳಿಕೊಟ್ಟವರು ಯಾರು? ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ 'ಫ್ರಾಂಕೆನ್‌ಸ್ಟೈನ್' ತೆಗೆದುಕೊಳ್ಳಿ. ಹೆಣದ ತುಂಡುಗಳಿಂದ ಎದ್ದ ಆ ಜೀವಿ ಮಾತು ಕಲಿಯಿತು, ಓದು ಕಲಿಯಿತು. ಮಾಡಿದವನು ಒಂದು ಹೆಸರೂ ಇಡಲಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಅದೂ ಅರ್ಧ ಅಲ್ಲ ಸ್ವಾಮಿ, ಎರಡೂ ಹೌದು.

ಮುಸ್ಸಂಜೆ ಹೊತ್ತು ಹೊಸ್ತಿಲ ಮೇಲೆ ಕೂರಬೇಡ ಅಂತ ಮಕ್ಕಳನ್ನು ಗದರಿಸುತ್ತೇವೆ. ಯಾಕೆ ಅಂತ ಕೇಳಿದರೆ ಸುಮ್ನಿರು ಅನ್ನಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆ ಹೇಳಿ. ನಮಸ್ಕಾರ.