ಚಿಕ್ಕಮ್ಮನ ಮದುವೆಯ ಮೇಕಪ್

ಬೆಳಗಿನ ಜಾವ ನಾಲ್ಕು ಗಂಟೆ. ಇದು ಮೈಸೂರಿನ ಒಂದು ಛತ್ರ, ಹೆಣ್ಣಿನ ಕಡೆಯವರ ಕೋಣೆ. ಕನ್ನಡಿ ಮುಂದೆ ಕೂತಿರುವವರು ನನ್ನ ಚಿಕ್ಕಮ್ಮ. ವಯಸ್ಸು 53. ಅಜ್ಜಿಯನ್ನು ಕೊನೆಯವರೆಗೂ ನೋಡಿಕೊಂಡವರು ಇವರೇ. ಇವತ್ತು ಇವರ ಮದುವೆ, ಮೊದಲನೇ ಮದುವೆ. ಮೇಕಪ್ ಮಾಡುವುದು ನಾನು.

ಮೂರು ವಾರದ ಹಿಂದೆ ಒಂದು ಪಾರ್ಲರ್‌ನಲ್ಲಿ ಟ್ರಯಲ್ ಮಾಡಿಸಿದ್ದೆವು. ದಪ್ಪ ಮ್ಯಾಟ್ ಫೌಂಡೇಶನ್, ಮೇಲೆ ಮುಖ ತುಂಬಾ ಪೌಡರ್, ರೆಪ್ಪೆಗೆ ಮಿನುಗು. ಆಟೋದಲ್ಲಿ ಮನೆ ಸೇರುವಷ್ಟರಲ್ಲಿ ಕಣ್ಣಿನ ಕೆಳಗೆ, ಬಾಯಿಯ ಪಕ್ಕ ಬಿಳಿ ಗೆರೆಗಳು ಎದ್ದಿದ್ದವು. ಚಿಕ್ಕಮ್ಮ ಏನೂ ಮಾತಾಡದೆ ಮುಖ ತೊಳೆದುಕೊಂಡರು. ಆಮೇಲೆ ಕೇಳಿದರು, "ಅದರಲ್ಲಿ ನಾನೆಲ್ಲಿದ್ದೆ ಹೇಳು?" ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಟ್ಟು ನಿಂತ ಮೇಲೆ ಚರ್ಮದಲ್ಲಿ ಎಣ್ಣೆ ಕಡಿಮೆಯಾಗುತ್ತದೆ, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಕೂಡ ಇಳಿಯುತ್ತದೆ. ಚರ್ಮ ಒಣಗಿ ತೆಳುವಾಗುತ್ತದೆ. ಇರುವ ಸ್ವಲ್ಪ ಜಿಡ್ಡನ್ನೂ ಪೌಡರ್ ಹೀರಿಕೊಂಡು ಸುಕ್ಕಿನೊಳಗೆ ಹೋಗಿ ಕೂರುತ್ತದೆ. ಮುಚ್ಚೋಣ ಅಂತ ಜಾಸ್ತಿ ಹಾಕಿದಷ್ಟೂ ಗೆರೆ ಎದ್ದು ಕಾಣುತ್ತದೆ.

ಈಗ ಹಚ್ಚುತ್ತಿರುವುದು ಮಾಯಿಶ್ಚರೈಸರ್. ಇದು ಇಳಿಯಲು ಹತ್ತು ನಿಮಿಷ ಬಿಡುತ್ತೇನೆ. ಎಷ್ಟೇ ಅವಸರ ಇದ್ದರೂ ಈ ಹತ್ತು ನಿಮಿಷ ತಪ್ಪಿಸಬೇಡಿ, ದಯವಿಟ್ಟು. ಅಷ್ಟರಲ್ಲಿ ಕಾಫಿ ಬಂತು.

ಇಲ್ಲಿ ಒಂದು ವಿಷಯ ನನಗೆ ಮೊದಲೇ ಹೊಳೆದಿರಲಿಲ್ಲ. ನಿನ್ನೆ ಅರಿಶಿನ ಶಾಸ್ತ್ರ ಆಗಿದೆ. ಮುಖ, ಕತ್ತು ಇನ್ನೂ ಹಳದಿಯಾಗಿಯೇ ಇದೆ. ಹಿಂದಿನ ವಾರ ನಾನೇ ನೋಡಿ ಆರಿಸಿದ್ದ ಫೌಂಡೇಶನ್ ಶೇಡ್ ಇವತ್ತು ಹೊಂದುತ್ತಿಲ್ಲ! ಎರಡು ಶೇಡ್ ಬೆರೆಸಿ, ಕತ್ತಿನ ಮೇಲೆ ಹಚ್ಚಿ ನೋಡಿ ಸರಿ ಮಾಡಿದೆ. ಅರಿಶಿನ ಆದ ಮೇಲೆ ಇನ್ನೊಂದು ಸಲ ನೋಡಲೇಬೇಕು.

ಕೆನ್ನೆಯ ಮೇಲೆ ಬಂಗು ಇದೆ. ಅದರ ಮೇಲೆ ಮಾತ್ರ ಚೂರೇ ಚೂರು ಪೀಚ್ ಬಣ್ಣದ ಕರೆಕ್ಟರ್, ಕಲೆಯ ಬಣ್ಣ ಮರೆಸುವ ಕ್ರೀಮ್. ಫೌಂಡೇಶನ್ ಒದ್ದೆ ಸ್ಪಂಜಿನಿಂದ, ತೆಳ್ಳಗೆ, ಬೇಕಾದ ಕಡೆ ಅಷ್ಟೇ. ಪೌಡರ್ ಮೂಗಿನ ಪಕ್ಕ, ಗದ್ದ, ಬಾಸಿಂಗ ಕಟ್ಟುವ ಹಣೆಗೆ ಸಾಕು. ಕಣ್ಣಿನ ಕೆಳಗೆ ಬೇಡವೇ ಬೇಡ. ಸಿಲಿಕಾ ಜಾಸ್ತಿ ಇರುವ ಬಿಳಿ ಪುಡಿಯಂತೂ ಫ್ಲ್ಯಾಶ್ ಬಿದ್ದರೆ ಬೂದಿ ಬಳಿದ ಹಾಗೆ ಕಾಣುತ್ತದೆ.

ರೆಪ್ಪೆ ಸ್ವಲ್ಪ ಜೋತು ಬಿದ್ದಿದೆ. ಕಣ್ಣು ಮುಚ್ಚಿಸಿ ಬಣ್ಣ ಹಚ್ಚಿದರೆ, ತೆರೆದಾಗ ಅದು ಮಡಿಕೆಯೊಳಗೆ ಮರೆಯಾಗುತ್ತದೆ. ಅದಕ್ಕೇ ನೇರ ಕನ್ನಡಿ ನೋಡಲು ಹೇಳಿ, ಮಡಿಕೆಗಿಂತ ಒಂಚೂರು ಮೇಲೆ ಕಂದು ಬಣ್ಣ ಹಚ್ಚಿದೆ. ಕಣ್ಣಿನ ಕೆಳಗೆ ಕಾಡಿಗೆ ಹಚ್ಚಲಿಲ್ಲ. ಧಾರೆಯ ಹೊತ್ತಿಗೆ ಯಾರು ಅಳದೆ ಇರುತ್ತಾರೆ? ಮಸ್ಕರಾ ವಾಟರ್‌ಪ್ರೂಫ್.

ತುಟಿಗೆ ಚಿಕ್ಕಮ್ಮನಿಗೆ ಕೆಂಪೇ ಬೇಕಿತ್ತು. ತಿಳಿ ಬಣ್ಣ ಹಾಕು, ವಯಸ್ಸಿಗೆ ತಕ್ಕ ಹಾಗಿರಲಿ ಅಂತ ಯಾರೋ ಬಾಗಿಲಿನಿಂದಲೇ ಹೇಳಿದರು. ನಾನು ಕೇಳಲಿಲ್ಲ. ಮೊದಲು ಲಿಪ್ ಲೈನರ್, ತುಟಿಯ ಸುತ್ತಲ ಗೆರೆಗಳಿಗೆ ಬಣ್ಣ ಹರಿಯದ ಹಾಗೆ. ಅದರ ಮೇಲೆ ಅವರಿಷ್ಟದ ಕೆಂಪು. ಕಿವಿಯ ಪಕ್ಕದ ನರೆ ಕೂದಲು ಹಾಗೇ ಇದೆ. ಮೇಲೆ ಎರಡು ಮೊಳ ಮೈಸೂರು ಮಲ್ಲಿಗೆ.

ಅಂತರಪಟ ಸರಿಯಿತು. ಇಬ್ಬರೂ ಒಬ್ಬರ ತಲೆಗೊಬ್ಬರು ಜೀರಿಗೆ ಬೆಲ್ಲ ಇಟ್ಟರು. ಚಿಕ್ಕಮ್ಮ ನಕ್ಕರು, ಕಣ್ಣಿನ ಪಕ್ಕದ ಗೆರೆಗಳೆಲ್ಲ ನಕ್ಕವು. ಹೋಮದ ಹೊಗೆಗೆ, ಅಳುವಿಗೆ ಮುಖ ಒದ್ದೆಯಾದಾಗ ಟಿಶ್ಯೂ ಮೆಲ್ಲಗೆ ಒತ್ತಿದೆ ಅಷ್ಟೇ, ಉಜ್ಜಲಿಲ್ಲ.

ಊಟಕ್ಕೆ ಕೂರುವ ಹೊತ್ತಿಗೆ ಲಿಪ್‌ಸ್ಟಿಕ್ ಅರ್ಧ ಹೋಗಿತ್ತು. ಹಚ್ಚಲು ಹೋದರೆ ಕೈ ತಡೆದರು. "ಇರು, ಒಬ್ಬಟ್ಟು ತಿಂದುಬಿಡುತ್ತೇನೆ."